ಮಾಮನ ಕೋವಿಗೆ ಮುಲಾಮು

ಮೂವತ್ತು ವರ್ಷದಿಂದ ನಾನು ಔಷಧ ಕೊಡುವವಳು. ಕಂಕನಾಡಿಯ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕಿಟಕಿಯ ಹಿಂದೆ ನಿಂತು ಚೀಟಿ ಓದಿ, ಸ್ಟ್ರಿಪ್ ಕತ್ತರಿಸಿ, "ಊಟ ಆದ ಮೇಲೆ, ದಿನಕ್ಕೆ ಎರಡು" ಎಂದು ಹೇಳುವುದು ನನ್ನ ಕೆಲಸ. ಕಾಲೇಜಿನಲ್ಲಿ ನಮಗೆ ಮುಲಾಮು ಮಾಡಲು ಕಲಿಸಿದ್ದರು. ಜೇನುಮೇಣ ಎಷ್ಟು, ಎಣ್ಣೆ ಎಷ್ಟು, ಯಾವುದನ್ನು ಮೊದಲು ಕರಗಿಸಬೇಕು, ಎಷ್ಟು ಹೊತ್ತು ಕೈಯಾಡಿಸಬೇಕು ಎಂದೆಲ್ಲ. ಆ ಪರೀಕ್ಷೆಯಲ್ಲಿ ತರಗತಿಗೇ ನಾನು ಮೊದಲಿಗಳು. ಕೆಲಸಕ್ಕೆ ಸೇರಿದ ಮೇಲೆ ಒಂದೇ ಒಂದು ಮುಲಾಮು ಮಾಡಿದವಳಲ್ಲ. ಎಲ್ಲವೂ ಟ್ಯೂಬಿನಲ್ಲಿ ಬರುತ್ತದೆ, ನಾವು ಟ್ಯೂಬ್ ದಾಟಿಸುತ್ತೇವೆ. ಕಲಿತ ಆ ವಿದ್ಯೆ ಕೊನೆಗೂ ಉಪಯೋಗಕ್ಕೆ ಬಂದದ್ದು ಮನುಷ್ಯರಿಗಲ್ಲ, ಒಂದು ಕೋವಿಗೆ.

ಕೋವಿ ನನ್ನ ಸೋದರಮಾವನದು. ಅವರನ್ನು ನಾನು ಮಾಮ ಎಂದು ಕರೆಯುವುದು. ಹಂಪನಕಟ್ಟೆಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರು. ಅತ್ತೆ ತೀರಿಕೊಂಡ ಮೇಲೆ ಹೋಟೆಲು ಬಿಟ್ಟುಕೊಟ್ಟು, ಒಂದು ಕಪಾಟು, ಒಂದು ಆರಾಮ ಕುರ್ಚಿ ಮತ್ತು ಈ ಕೋವಿಯ ಸಮೇತ ಕುಲಶೇಖರದ ನನ್ನ ಮನೆಗೆ ಬಂದರು. ಈಗ ಎಪ್ಪತ್ತಾರು. ಕೋವಿ ಅವರಿಗೆ ಅವರ ಸೋದರಮಾವನಿಂದ ಬಂದದ್ದು. ನಮ್ಮ ಕಡೆ ಹಿಂದೆ ಆಸ್ತಿಯೆಲ್ಲ ಹಾಗೆಯೇ, ಮಾವನಿಂದ ಅಳಿಯನಿಗೆ. ಗದ್ದೆಗಳು ಭೂಸುಧಾರಣೆಯ ಕಾನೂನು ಬಂದು ಹೋದವು, ಕೋವಿ ಮಾತ್ರ ಪರವಾನಗಿಯ ಪುಸ್ತಕದೊಂದಿಗೆ ಉಳಿದುಕೊಂಡಿತು.

ಅದು ಕೇಪಿನ ಕೋವಿ. ತೋಟೆ ಹಾಕಿ ಹೊಡೆಯುವ ಈಗಿನ ಕೋವಿಯಲ್ಲ. ಎಲ್ಲವನ್ನೂ ನಳಿಗೆಯ ಬಾಯಿಯಿಂದಲೇ ತುಂಬಬೇಕು. ಮೊದಲು ಅಳತೆ ಮಾಡಿದ ಕಪ್ಪು ಮದ್ದು. ಅದರ ಮೇಲೆ ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡು. ಆಮೇಲೆ ಗಜ ಎನ್ನುವ ಉದ್ದದ ಕೋಲಿನಿಂದ ಗುಂಡನ್ನು ನಳಿಗೆಯ ತಳದವರೆಗೆ ನೂಕಬೇಕು. ಕೊನೆಗೆ ಹಿಂದೆ, ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಸಿಕ್ಕಿಸಿ ಕುದುರೆ ಎಳೆಯಬೇಕು. ಒಂದು ಗುಂಡಿಗೆ ಇಷ್ಟು ಉಪಚಾರ. ಮದುಮಗನಿಗೂ ಇಷ್ಟು ಮಾಡುವುದಿಲ್ಲ.

ಊರಿನಿಂದ ಪೂರ್ವಕ್ಕೆ, ಕೆಂಪುಕಲ್ಲು ತೆಗೆದು ಖಾಲಿಯಾದ ಒಂದು ಕೋರೆಯಲ್ಲಿ ಮಾಮನ ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ಗುರಿ ಹೊಡೆಯುತ್ತಾರೆ. ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ಸ್ಪರ್ಧೆ. ಕೇಪಿನ ಕೋವಿಯವರಿಗೆ ಬೇರೆಯೇ ವಿಭಾಗ. ಸುಣ್ಣ ಬಳಿದ ಐದು ಗೆರಟೆಗಳನ್ನು ಸಾಲಾಗಿ ನೇತುಹಾಕುತ್ತಾರೆ, ಐದು ಗುಂಡು. ತೆಂಗಿನ ಗೆರಟೆಗೆ ಇಂತಹ ಮರ್ಯಾದೆ ಬೇರೆಲ್ಲೂ ಇಲ್ಲ. ನಿಯಮ ಎರಡೇ. ಐದನ್ನೂ ಹೊಡೆಯುವವರೇ ತುಂಬಬೇಕು, ನಡುವೆ ನಳಿಗೆ ಒರೆಸುವಂತಿಲ್ಲ.

ಎರಡು ವರ್ಷದ ಹಿಂದಿನ ಸ್ಪರ್ಧೆಯಲ್ಲಿ ಮಾಮನ ಮೂರನೆಯ ಗುಂಡು ನಳಿಗೆಯ ಅರ್ಧದಲ್ಲಿ ಸಿಕ್ಕಿಕೊಂಡಿತು. ಕಪ್ಪು ಮದ್ದು ಉರಿದಾಗ ಒಳಗೆ ಮಸಿ ಕಟ್ಟುತ್ತದೆ, ಪ್ರತಿ ಗುಂಡಿಗೂ ದಾರಿ ಇನ್ನಷ್ಟು ಇಕ್ಕಟ್ಟಾಗುತ್ತದೆ. ಮಾಮ ಗಜ ಹಿಡಿದು ನೂಕಿದರು. ಎದೆಯ ಭಾರ ಹಾಕಿ ನೂಕಿದರು. ಪಕ್ಕದಲ್ಲಿ ನಿಂತಿದ್ದ ಟೈಲ್ಸ್ ವ್ಯಾಪಾರದವರೊಬ್ಬರು, ಐವತ್ತರ ಆಸುಪಾಸಿನ ಗಟ್ಟಿ ಆಳು, ಸಹಾಯಕ್ಕೆಂದು ಗಜಕ್ಕೆ ಕೈ ಹಾಕಿದರು.

"ಕೈ ತೆಗೀರಿ" ಎಂದರು ಮಾಮ.

ಅವರು ತೆಗೆದರು. ಮಾಮ ಇನ್ನೊಮ್ಮೆ ನೂಕಿ, ಆಗದೆ, ಕೋವಿಯನ್ನು ಕ್ಲಬ್ಬಿನ ತಜ್ಞರ ಕೈಗೆ ಕೊಟ್ಟು ಬಂದು ನನ್ನ ಕಾರಿನಲ್ಲಿ ಕುಳಿತರು. ದಾರಿಯಲ್ಲಿ "ಭುಜ ಉಳುಕಿತು" ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಪೈಕಿ ನನ್ನ ಮಾಮ. ಕುಲಶೇಖರದ ತಿರುವು ಬಂದಾಗ ಅವರೇ ಮತ್ತೆ ಬಾಯಿಬಿಟ್ಟರು.

"ಇನ್ನು ಒಂದು ಸಲ ನೋಡ್ತೇನೆ. ಬರುವ ವರ್ಷ ಐದೂ ನಾನೇ ತುಂಬಿಸ್ತೇನೆ. ಆಗದಿದ್ದರೆ ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಬರುವುದು. ಗಜ ನೂಕಲಿಕ್ಕೆ ಆಗದವನಿಗೆ ಕೋವಿ ಎಂತಕ್ಕೆ?"

ಹೋಟೆಲು ಬಿಟ್ಟ ಮೇಲೆ ಮಾಮ ವಾರಕ್ಕೆ ಆರು ದಿನ ಕುರ್ಚಿಯಲ್ಲಿ ಪೇಪರು ಹಿಡಿದು ತೂಕಡಿಸುವವರು. ಭಾನುವಾರ ಮಾತ್ರ ಐದೂವರೆಗೆ ಎದ್ದು, ಗಡ್ಡ ಬೋಳಿಸಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ನನ್ನ ಕೋಣೆಯ ಬಾಗಿಲು ತಟ್ಟುವವರು. ಕೋವಿ ಹೋದರೆ ಆ ಏಳನೆಯ ದಿನವೂ ಹೋಗುತ್ತದೆ, ಆಮೇಲೆ ಮಾಮ ಉಳಿಯುವುದಿಲ್ಲ ಎಂದು ನನಗೆ ಖಂಡಿತವಾಗಿ ಅನಿಸಿತು. ತೋಳಿಗೆ ಬಲ ಬರಿಸುವ ಔಷಧ ನಮ್ಮ ಫಾರ್ಮಸಿಯಲ್ಲಿ ಇಲ್ಲ. ನಳಿಗೆಯನ್ನು ನುಣುಪು ಮಾಡುವುದಾದರೆ ಮಾಡಬಹುದಿತ್ತು.

ಮೊದಲು ರೋಗ ಏನೆಂದು ನೋಡಬೇಕಲ್ಲ. ಮುಂದಿನ ಭಾನುವಾರ ಮಾಮ ಕೋವಿ ತೊಳೆಯುವಾಗ ನಾನೂ ಅಂಗಳದಲ್ಲಿ ಕುಳಿತೆ. ಒರೆಸಿದ ಬಟ್ಟೆಯಲ್ಲಿ ಬಂದದ್ದು ಮಸಿಯಲ್ಲ, ಡಾಮರು. ಬೆರಳಿಗೆ ಅಂಟಿದರೆ ಬಿಡದು.

"ಗುಂಡಿನ ಬಟ್ಟೆಗೆ ಎಂತ ಹಾಕ್ತೀರಿ ಮಾಮ?"

"ಮೆಷಿನಿನ ಎಣ್ಣೆ. ಹೊಲಿಗೆ ಮೆಷಿನಿಂದು."

ಇದು ರೋಗ ಎಂದು ಗೊತ್ತಾಯಿತು. ನೆಲದಡಿಯಿಂದ ತೆಗೆದ ಎಣ್ಣೆಗೂ ಕಪ್ಪು ಮದ್ದಿಗೂ ಆಗಿಬರುವುದಿಲ್ಲ. ಎರಡೂ ಸೇರಿ ಉರಿದರೆ ನಳಿಗೆಯೊಳಗೆ ರಸ್ತೆ ಹಾಕಿದ ಹಾಗೆ. ಗಿಡದ್ದೋ ಪ್ರಾಣಿಯದ್ದೋ ಜಿಡ್ಡು ಆದರೆ ಮಸಿಯನ್ನು ಮೆತ್ತಗೆ ಇಡುತ್ತದೆ, ಮುಂದಿನ ಗುಂಡೇ ಅದನ್ನು ಒರೆಸಿಕೊಂಡು ಇಳಿಯುತ್ತದೆ. ಇದನ್ನೆಲ್ಲ ನಾನು ಊಟದ ಬಿಡುವಿನಲ್ಲಿ ಫೋನಿನಲ್ಲಿ ಓದಿಕೊಂಡಿದ್ದೆ. ಮಾಮನಿಗೆ ವಿವರಿಸಿದೆ.

"ನಲವತ್ತು ವರ್ಷದಿಂದ ಇದೇ ಎಣ್ಣೆ" ಎಂದರು ಮಾಮ. "ಆಗ ಎಂತ ಆಗಲಿಲ್ಲವಲ್ಲ?"

"ಆಗ ನಿಮಗೆ ಮೂವತ್ತನಾಲ್ಕು."

ಅವರು ನನ್ನನ್ನು ಒಂದು ಕ್ಷಣ ದುರುಗುಟ್ಟಿ ನೋಡಿ, ಎಣ್ಣೆಯ ಪುಟ್ಟ ಬಾಟ್ಲಿಯನ್ನು ನನ್ನ ಕಡೆ ತಳ್ಳಿದರು. ಹೋಟೆಲು ನಡೆಸಿದವರಿಗೆ ಒಂದು ಒಳ್ಳೆಯ ಗುಣ ಉಂಟು, ಸಾಂಬಾರು ಹಳಸಿದರೆ ಹಳಸಿತು ಎಂದು ಒಪ್ಪಿಕೊಳ್ಳುತ್ತಾರೆ.

ಬಟ್ಟೆಯದ್ದೂ ಅದೇ ಕಥೆ. ಮಾಮ ಕತ್ತರಿಸುತ್ತಿದ್ದುದು ಹಳೆಯ ಬೈರಾಸಿನಿಂದ. ಮೈ ಒರೆಸುವ ಬೈರಾಸಿನ ನೇಯ್ಗೆ ಸಡಿಲ. ಗುಂಡಿನೊಂದಿಗೆ ಹೊರಬಿದ್ದ ತುಂಡುಗಳನ್ನು ಹೆಕ್ಕಿ ನೋಡಿದರೆ ನಡುವೆ ಸುಟ್ಟು ತೂತು. ಬೇಕಾದದ್ದು ಒತ್ತಾಗಿ ನೇಯ್ದ ಅಪ್ಪಟ ಹತ್ತಿ. ಅದಕ್ಕಾಗಿ ಹಂಪನಕಟ್ಟೆಗೆ ಹೋಗಿ, ಹತ್ತಿ ತುಂಬಿ ಹಾಸಿಗೆ ಮಾಡಿಕೊಡುವ ಹಳೆಯ ಅಂಗಡಿಯೊಂದನ್ನು ಹುಡುಕಿದೆ. ನೀಲಿ ಪಟ್ಟೆಯ ಹಾಸಿಗೆ ಬಟ್ಟೆ, ಅರ್ಧ ಮೀಟರು ಕೇಳಿದೆ.

"ಅರ್ಧ ಮೀಟರಿನಲ್ಲಿ ಎಂತ ಹಾಸಿಗೆ ಆಗ್ತದೆ?" ಎಂದರು ಅಂಗಡಿಯವರು. "ಬೆಕ್ಕಿಗಾ?"

"ಹೌದು, ಬೆಕ್ಕಿಗೆ."

ಕೋವಿಗೆ ಎಂದರೆ ಕುರ್ಚಿ ಕೊಟ್ಟು ಕೂರಿಸಿ, ಕೋವಿ ಇದ್ದ ತಮ್ಮ ಅಜ್ಜನ ಕಥೆ ಶುರುಮಾಡುತ್ತಿದ್ದರು. ನನಗೆ ಹೊತ್ತಾಗಿತ್ತು. ಮನೆಗೆ ಬಂದು ಗಂಜಿ ಹೋಗುವವರೆಗೆ ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಒಂದೂವರೆ ಇಂಚಿನ ಚೌಕಗಳಾಗಿ ಕತ್ತರಿಸಿದೆ. ಮನೆಯಲ್ಲಿ ಬೆಕ್ಕು ಇಲ್ಲ.

ಈಗ ಮುಲಾಮು. ಕೈಗೆ ಸುಲಭವಾಗಿ ಸಿಗುವುದು ತೆಂಗಿನೆಣ್ಣೆ. ಅದಕ್ಕೆ ಗಟ್ಟಿ ಕೊಡಲು ಜೇನುಮೇಣ. ಪಕ್ಕದ ಮನೆಯ ಆಂಟಿ, ಗಲ್ಫಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದು ಬಂದವರು, ನಾನು ಮೇಣ ಹುಡುಕುತ್ತಿದ್ದೇನೆಂದು ಕೇಳಿ ಒಂದು ಕಟ್ಟು ಉಳಿದ ಮೊಂಬತ್ತಿ ತಂದುಕೊಟ್ಟರು. "ಇಗರ್ಜಿಯಲ್ಲಿ ಉರಿಸಿ ಉಳಿದದ್ದು, ಒಳ್ಳೆ ಮೇಣ ಮಾರಾಯ್ತಿ" ಎಂದರು. ಮೊಂಬತ್ತಿಯದ್ದೂ ನೆಲದಡಿಯ ಎಣ್ಣೆಯ ಮೇಣವೇ, ಕೋವಿಗೆ ಆಗದು ಎಂದು ಅವರಿಗೆ ಹೇಳುವುದು ಹೇಗೆ? ಇಸಿದುಕೊಂಡು ಕರೆಂಟು ಹೋದಾಗ ಉರಿಸಿದೆ. ಅಪ್ಪಟ ಮೇಣ ಕಂಕನಾಡಿ ಮಾರ್ಕೆಟಿನ ಹತ್ತಿರದ ಆಯುರ್ವೇದದ ಅಂಗಡಿಯಲ್ಲಿ ಸಿಕ್ಕಿತು. ಹಳದಿ, ಕೈಯಲ್ಲಿ ಹಿಡಿದರೆ ಜೇನಿನ ವಾಸನೆ.

ನಾಲ್ಕು ಪಾಲು ತೆಂಗಿನೆಣ್ಣೆ, ಒಂದು ಪಾಲು ಮೇಣ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟು ಕರಗಿಸಿ, ಆರುವವರೆಗೆ ಕೈಯಾಡಿಸಿದೆ. ಸಾವಕಾಶವಾಗಿ ಮಂದವಾಗುತ್ತ ಬಂದು, ಒಂದು ಗಳಿಗೆಯಲ್ಲಿ ಬಿಳಿಯಾಗಿ ಕೂಡಿಕೊಂಡಿತು. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಅದನ್ನು ಕಂಡದ್ದು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮಾಮ ಬಂದು ಎರಡು ಬೆರಳ ನಡುವೆ ಸವರಿ, "ಬೆಣ್ಣೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕೋರೆಯಲ್ಲಿ ಅದರ ಬಣ್ಣ ಬಯಲಾಯಿತು. ಏಪ್ರಿಲ್ ತಿಂಗಳ ಬಿಸಿಲು, ಗಂಟೆ ಹತ್ತು. ಕೆಂಪುಕಲ್ಲಿನ ಗೋಡೆಗಳು ಕಾದು ಬೆಂಕಿ. ಡಬ್ಬಿ ತೆರೆದರೆ ಮುಲಾಮು ಇಲ್ಲ, ಸಾರು ಉಂಟು. ಆದರೂ ಮಾಮ ಬಟ್ಟೆ ಅದ್ದಿ ತುಂಬಿಸಿದರು. ಗುಂಡು ಸರಾಗ ಇಳಿಯಿತು. ಗುರಿ ಹಿಡಿದು ಕುದುರೆ ಎಳೆದರು. ಕೇಪು ಮಾತ್ರ ಚಟ್ ಎಂದಿತು. ಎಣ್ಣೆ ಕೆಳಗಿಳಿದು ಮದ್ದನ್ನು ನೆನೆಸಿಬಿಟ್ಟಿತ್ತು.

ಹೀಗಾದಾಗ ಕೋವಿ ಇಳಿಸುವಂತಿಲ್ಲ. ಒಳಗೆ ಕಿಡಿ ಇದ್ದರೆ ತಡವಾಗಿ ಹಾರೀತು. ಮಾಮ ನಳಿಗೆಯನ್ನು ಕೋರೆಯ ಗೋಡೆಗೆ ಹಿಡಿದುಕೊಂಡೇ ತುಳುವಿನಲ್ಲಿ ಗಟ್ಟಿಯಾಗಿ ಎಣಿಸತೊಡಗಿದರು. ಒಂಜಿ, ರಡ್ಡ್, ಮೂಜಿ. ಅರುವತ್ತರವರೆಗೆ. ಹಿಂದೆ ಸಾಲಿನಲ್ಲಿ ನಿಂತ ಕ್ಲಬ್ಬಿನವರೆಲ್ಲ ಕೇಳುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅರುವತ್ತು ಮುಗಿದ ಮೇಲೆ ಮಾಮ ನನ್ನ ಕಡೆ ತಿರುಗಿ, "ಒಗ್ಗರಣೆ ಜಾಸ್ತಿ ಆಯಿತು" ಎಂದರು. ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಮೇಣ ಹೆಚ್ಚಿಸಿದೆ. ಹೆಚ್ಚಿಸಿದರೆ ಮುಂಜಾನೆಯ ತಂಪಿನಲ್ಲಿ ಬಟ್ಟೆ ಹಪ್ಪಳದಂತೆ ಸೆಟೆಯುತ್ತದೆ, ಗುಂಡು ಇಳಿಯದು. ಕಡಿಮೆ ಮಾಡಿದರೆ ಹತ್ತು ಗಂಟೆಗೆ ಸಾರು. ಹರಳೆಣ್ಣೆ ಸೇರಿಸಿ ನೋಡಿದೆ, ಅಂಟು. ಫ್ರಿಜ್ಜಿನ ಬಾಗಿಲಲ್ಲಿ ಡಬ್ಬಿಗಳು ಸಾಲುಗಟ್ಟಿದವು. ಪ್ರತಿಯೊಂದರ ಮೇಲೂ ಪಾಲು ಬರೆದು, ಕೆಳಗೆ "ತಿನ್ನುವುದಲ್ಲ" ಎಂದು ಬರೆದಿದ್ದೆ. ಆದರೂ ಮೂರನೆಯದರಿಂದ ಮಾಮ ಒಂದು ಬೆಳಿಗ್ಗೆ ದೋಸೆಗೆ ಸವರಿಕೊಂಡರು. ಏನೂ ಆಗಲಿಲ್ಲ. "ಉಪ್ಪು ಸಾಲದು" ಎಂದರು. ಆ ಮಾತು ಮುಂದೆ ನನಗೆ ನೆನಪಾಗಲಿಕ್ಕಿತ್ತು.

ನನ್ನ ಪರೀಕ್ಷೆ ಆಸ್ಪತ್ರೆಯಲ್ಲೂ ನಡೆಯುತ್ತಿತ್ತು. ನಡುಮಧ್ಯಾಹ್ನ ಡಬ್ಬಿಯನ್ನು ನನ್ನ ಕಾರಿನ ಬಾನೆಟ್ಟಿನ ಮೇಲೆ ಇಟ್ಟು, ಕಾಲು ಗಂಟೆ ಕಳೆದು ಬಂದು ಮುಚ್ಚಳ ತೆರೆಯುವುದು. ಪಾರ್ಕಿಂಗಿನ ಕಾವಲುಗಾರರು ಎರಡು ದಿನ ನೋಡಿ ಮೂರನೆಯ ದಿನ, "ಮೇಡಂ, ಎಂತ ಬೇಯಿಸ್ತಾ ಇದ್ದೀರಿ?" ಎಂದು ಕೇಳಿದರು.

ಉತ್ತರ ಸಿಕ್ಕಿದ್ದು ಆಂಟಿಯ ಕಾಲಿನಲ್ಲಿ. ಮೇ ತಿಂಗಳ ಒಂದು ಸಂಜೆ ಅವರು ಜಗಲಿಯಲ್ಲಿ ಕುಳಿತು ಒಡೆದ ಹಿಮ್ಮಡಿಗೆ ಏನನ್ನೋ ಉಜ್ಜುತ್ತಿದ್ದರು. ಮೊಟ್ಟೆಯಷ್ಟು ದೊಡ್ಡ, ಬೂದು ಬಿಳಿಯ ಉಂಡೆ. ಅಂತಹ ಸೆಕೆಯಲ್ಲೂ ಕರಗದೆ ಕೈಯಲ್ಲಿ ಕೂತಿತ್ತು. ಹಿಮ್ಮಡಿಗೆ ತಾಗಿದಲ್ಲಿ ಮಾತ್ರ ನುಣ್ಣಗೆ ಜಾರುತ್ತಿತ್ತು.

"ಎಂತ ಆಂಟಿ ಅದು?"

"ಪುನರ್ಪುಳಿ ಬೀಜದ ತುಪ್ಪ. ನಾನೇ ತೆಗೆದದ್ದು. ಅಂಗಡಿಯಲ್ಲಿ ಸಿಗುವುದೆಲ್ಲ ಕಲಬೆರಕೆ. ನಿನಗೆ ಬೇಕಾ? ಹಿಮ್ಮಡಿ ಒಡೆದಿದೆಯಾ?"

ಪುನರ್ಪುಳಿಯ, ಅಂದರೆ ಮುರುಗಲ ಹಣ್ಣಿನ ಸಿಪ್ಪೆಯಿಂದ ಸಾರು, ಶರಬತ್ತು ಮಾಡುವುದು ಗೊತ್ತಿತ್ತು. ಬೀಜ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟುವುದನ್ನೂ ಚಿಕ್ಕಂದಿನಲ್ಲಿ ನೋಡಿದ್ದೆ. ಕಣ್ಣೆದುರೇ ಇದ್ದದ್ದು ತಲೆಗೆ ಹೊಳೆದಿರಲಿಲ್ಲ. ನಮ್ಮ ಊರಿನ ಸೆಕೆಗೆ ನಮ್ಮ ಊರಿನ ಜಿಡ್ಡೇ ಆಗಬೇಕಲ್ಲ. "ಹಿಮ್ಮಡಿಗಲ್ಲ, ಮಾಮನ ಕೋವಿಗೆ" ಎಂದೆ. ಆಂಟಿ ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಎರಡು ಉಂಡೆ ತಂದುಕೊಟ್ಟರು.

ಎರಡು ಪಾಲು ಪುನರ್ಪುಳಿ ತುಪ್ಪ, ಒಂದು ಪಾಲು ತೆಂಗಿನೆಣ್ಣೆ, ಚಿಟಿಕೆಯಷ್ಟು ಮೇಣ. ಬಾನೆಟ್ಟಿನ ಮೇಲೆ ಕಾಲು ಗಂಟೆ ಇಟ್ಟೆ. ಮೆತ್ತಗಾಯಿತು, ಹರಿಯಲಿಲ್ಲ. ಮೇ ಕೊನೆಯ ಭಾನುವಾರ, ಮಳೆಗೆ ಕ್ಲಬ್ಬು ಮುಚ್ಚುವ ಮೊದಲಿನ ಕೊನೆಯ ದಿನ, ಮಾಮ ಐದು ಗುಂಡು ತುಂಬಿಸಿದರು. ಒಂದು, ಎರಡು, ಮೂರು. ಮೂರನೆಯದಕ್ಕೆ ಗಜ ಹಿಡಿದಾಗ ಅವರ ಕೈ ಒಂದು ಕ್ಷಣ ತಡೆಯಿತು. ನೂಕಿದರು. ಗಜ ಇಳಿದು ತಳದಲ್ಲಿ ಟಕ್ ಎಂದಿತು. ನಾಲ್ಕು. ಐದು. ಟಕ್. ಟಕ್. ಬರುವಾಗ ಮಾಮ ಕಾರಿನಲ್ಲಿ ಹಳೆಯ ಹಾಡೊಂದನ್ನು ಗುನುಗಿಕೊಂಡು ಕುಳಿತಿದ್ದರು, ಸ್ವರ ತಪ್ಪಿತ್ತು.

ಮನೆಗೆ ಬಂದು ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದೆವು. ಮಳೆಗಾಲ ಕಳೆಯುವವರೆಗೆ ಕೋವಿ ಒಳಗಿರುವುದು. ತೇವದಿಂದ ಕಾಪಿಡಲು ನಳಿಗೆಯೊಳಗೆ ಏನಾದರೂ ಸವರಬೇಕು. "ಇಷ್ಟು ಒಳ್ಳೆ ಮುಲಾಮು ಇರುವಾಗ ಬೇರೆ ಎಂತಕ್ಕೆ?" ಎಂದೆ ನಾನೇ. ಧಾರಾಳವಾಗಿ ಸವರಿ ಚೀಲಕ್ಕೆ ಹಾಕಿದೆವು.

ಎರಡನೆಯ ಭಾನುವಾರ ಹೊರಗೆ ಮಳೆ ಜಡಿಯುತ್ತಿತ್ತು. ಕೋವಿಯ ಮುಖ ನೋಡುವ ಆಸೆಯಿಂದ ಮಾಮ ಅದನ್ನು ಹೊರತೆಗೆದರು. ಗಜಕ್ಕೆ ಬಿಳಿ ಬಟ್ಟೆ ಸುತ್ತಿ ನಳಿಗೆಯೊಳಗೆ ಇಳಿಸಿ ಎಳೆದರು. ಬಟ್ಟೆ ಕೆಂಪಾಗಿ ಬಂತು.

ತುಕ್ಕು. ಮಾಮನ ಮಾವ ಇಟ್ಟುಕೊಂಡಿದ್ದ ಕೋವಿ, ಅಷ್ಟು ಮಳೆಗಾಲ ಕಂಡ ಕೋವಿ, ನನ್ನ ಮುಲಾಮಿನಿಂದ ಹದಿನಾಲ್ಕು ದಿನದಲ್ಲಿ ತುಕ್ಕು ಹಿಡಿದಿತ್ತು.

"ನೀನು ಸರಿ ತೊಳೆಯಲಿಲ್ಲ" ಎಂದರು ಮಾಮ.

"ತೊಳೆದದ್ದು ನೀವು. ನಾನು ನೀರು ಹೊಯ್ದದ್ದು ಮಾತ್ರ."

"ಹೊಯ್ದದ್ದು ಸಾಕಾಗಲಿಲ್ಲ."

"ಸಾಕಾಗದಿದ್ದರೆ ಆಗಲೇ ಹೇಳಬೇಕಿತ್ತು. ಈಗ ಹೇಳಿದರೆ ಎಂತ ಪ್ರಯೋಜನ?"

"ಮೆಷಿನಿನ ಎಣ್ಣೆಯಲ್ಲಿ ನಲವತ್ತು ವರ್ಷ ಒಂದು ಚುಕ್ಕಿ ತುಕ್ಕು ಬರಲಿಲ್ಲ" ಎಂದು ಮಾಮ ಎದ್ದುಹೋದರು. ಮಧ್ಯಾಹ್ನ ಊಟಕ್ಕೂ ಮಾತಿಲ್ಲ. ಸಾರು ಬೇಕೇ ಎಂದರೆ ಕೈ ಅಡ್ಡ ಮಾಡಿದರು, ಪಲ್ಯ ಬೇಕೇ ಎಂದರೂ ಕೈ ಅಡ್ಡ. ಮೂವತ್ತು ವರ್ಷ ಒಬ್ಬರಿಗೂ ತಪ್ಪು ಔಷಧ ಕೊಟ್ಟವಳಲ್ಲ ನಾನು. ಮನೆಯವರ ಕೋವಿಗೇ ಕೊಟ್ಟೆನೇ ಎಂದು ನನಗೆ ಅಳು ಬಂತು, ಅತ್ತುಬಿಟ್ಟೆ.

ಅತ್ತು ಮುಗಿದ ಮೇಲೆ ಆಂಟಿಯ ಉಳಿದ ಉಂಡೆಯನ್ನು ಕೈಗೆತ್ತಿಕೊಂಡೆ. ಮೂಸಿದೆ. ಬೆಳಕಿಗೆ ಹಿಡಿದೆ. ಕೊನೆಗೆ ನಾಲಿಗೆಗೆ ತಾಗಿಸಿದೆ.

ಉಪ್ಪು.

ಕೊಡೆ ಹಿಡಿದು ಆಂಟಿಯ ಮನೆಗೆ ಓಡಿದೆ. "ಬೀಜ ಯಾವಾಗ ತೆಗೆಯುವುದು ಆಂಟಿ, ಹಣ್ಣು ಬಿಡಿಸಿದ ಕೂಡಲೇನಾ?"

"ಕೂಡಲೇ ತೆಗೆದರೆ ಅಂಟಿಕೊಂಡಿರ್ತದೆ. ಹಣ್ಣಿಗೆ ಉಪ್ಪು ಹಾಕಿ ಭರಣಿಯಲ್ಲಿ ಇಡುವುದು. ನಾಲ್ಕು ದಿನದಲ್ಲಿ ನೀರು ಬಿಡ್ತದೆ. ಸಿಪ್ಪೆ ಒಣಗಲಿಕ್ಕೆ, ನೀರು ಮೀನಿನ ಸಾರಿಗೆ, ಅಡಿಯಲ್ಲಿ ಉಳಿದ ಬೀಜ ತುಪ್ಪಕ್ಕೆ. ಎಂತಕ್ಕೆ ಕೇಳ್ತೀ?"

ಒಂದು ಹಣ್ಣಿನ ಒಂದು ಚೂರೂ ಹಾಳು ಮಾಡದ ಮನೆ ಅವರದು. ಉಪ್ಪಿನಲ್ಲಿ ನಾಲ್ಕು ದಿನ ಮಿಂದ ಬೀಜದಿಂದ ತೆಗೆದ ತುಪ್ಪದಲ್ಲಿ ಉಪ್ಪುನೀರಿನ ಕಣಗಳು ಸಿಕ್ಕಿಕೊಂಡಿದ್ದವು. ಅದನ್ನು ನಾವು ಕಬ್ಬಿಣಕ್ಕೆ ಸವರಿ, ಮಂಗಳೂರಿನ ಮಳೆಗೆ ಬಾಗಿಲು ಹಾಕಿ ಇಟ್ಟಿದ್ದೆವು. ತುಕ್ಕು ಹಿಡಿಯದಿದ್ದರೇ ಆಶ್ಚರ್ಯ. ವಿಷಯ ಹೇಳಿದಾಗ ಆಂಟಿಗೆ ಬೇಸರವಾಯಿತು.

"ಇಷ್ಟು ವರ್ಷ ಹಚ್ಚಿದ್ದೇನೆ, ನನ್ನ ಹಿಮ್ಮಡಿಗೆ ತುಕ್ಕು ಬರಲಿಲ್ಲ" ಎಂದರು.

ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ. ಆಮೇಲೆ ಅವರೇ ಒಂದು ದೊಡ್ಡ ಪಾತ್ರೆ ಕೊಟ್ಟರು. ಉಂಡೆಯನ್ನು ಬಿಸಿನೀರಿನಲ್ಲಿ ಕರಗಿಸಿ, ಚೆನ್ನಾಗಿ ಕಲಕಿ, ಆರಲು ಬಿಟ್ಟೆ. ತುಪ್ಪ ಮೇಲೆ ಬಿಲ್ಲೆಯಾಗಿ ಕಟ್ಟಿತು, ಉಪ್ಪು ನೀರಿನೊಂದಿಗೆ ಕೆಳಗುಳಿಯಿತು. ನೀರು ಚೆಲ್ಲಿ ಮತ್ತೆ ಅದೇ ಕೆಲಸ. ಮೂರು ನೀರು. ಮೂರನೆಯ ನೀರು ಚಪ್ಪೆ. ತುಪ್ಪವೂ ಚಪ್ಪೆ. ಕೊನೆಗೆ ಒಂದು ಹನಿಯೂ ತೇವ ಉಳಿಯದಂತೆ ಸಣ್ಣ ಉರಿಯಲ್ಲಿ ಕಾಯಿಸಿದೆ. ಇದನ್ನೆಲ್ಲ ನಾನು ಮೊದಲೇ ಮಾಡಬೇಕಿತ್ತು. ಬಂದ ಮಾಲನ್ನು ಪರೀಕ್ಷಿಸದೆ ಬಳಸಬಾರದು ಎಂಬುದು ಫಾರ್ಮಸಿಯ ಒಂದನೆಯ ಪಾಠ. ಮನೆಯದ್ದು, ಪಕ್ಕದವರು ಪ್ರೀತಿಯಿಂದ ಕೊಟ್ಟದ್ದು ಎಂದಾಗ ನಮಗೆ ಪಾಠ ಮರೆಯುತ್ತದೆ.

ತುಕ್ಕು ಮೇಲುಮೇಲಿನದ್ದು. ಎರಡು ದಿನ ಉಜ್ಜಿ ತೆಗೆದೆವು. ಎರಡನೆಯ ದಿನ ಮಾಮ ಮಾತಾಡಿದರು. ಹೊಸ ಮುಲಾಮನ್ನು ಒಂದು ಮೊಳೆಗೆ ಸವರಿ ಕಿಟಕಿಯ ಹೊರಗೆ ಇಟ್ಟು, ಏನೂ ಸವರದ ಇನ್ನೊಂದು ಮೊಳೆಯನ್ನು ಅದರ ಪಕ್ಕ ಇಟ್ಟೆ. ಮಾಮ ದಿನಾ ಬೆಳಿಗ್ಗೆ ಪೇಪರಿಗಿಂತ ಮೊದಲು ಎರಡು ಮೊಳೆಗಳನ್ನು ಓದುತ್ತಿದ್ದರು. ಆಗಸ್ಟ್ ನಡುವೆ ಆಟಿ ತಿಂಗಳು ಮುಗಿಯುವಾಗ ಒಂದು ಕೆಂಪಾಗಿತ್ತು, ಇನ್ನೊಂದು ಅಂಗಡಿಯಿಂದ ತಂದ ಹಾಗೇ ಇತ್ತು.

ಸ್ಪರ್ಧೆಯ ದಿನ ನಾನು ಗೆರಟೆ ನೋಡಲೇ ಇಲ್ಲ. ಗಜ ನೋಡಿದೆ. ಮಾಮ ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದರು. ಟೈಲ್ಸಿನವರು ಎರಡು ಹೆಜ್ಜೆ ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಪಾಪ. ಒಂದನೆಯದು ಇಳಿಯಿತು, ಎರಡನೆಯದು ಇಳಿಯಿತು. ಹೊಗೆ ಕೋರೆಯ ಗೋಡೆಗೆ ಬಡಿದು ನಮ್ಮ ಮೇಲೇ ಬಂತು. ಮೂರನೆಯದಕ್ಕೆ ಮಾಮ ಗಜವನ್ನು ಎರಡೂ ಕೈಯಲ್ಲಿ ಹಿಡಿದರು. ಟಕ್. ನಾಲ್ಕು. ಟಕ್. ಐದನೆಯದಕ್ಕೆ ಅವರು ನಿಂತರು. ನೋಡಿದರೆ ಅವರು ಒಂದು ಕೈಯನ್ನು ಗಜದಿಂದ ತೆಗೆದು, ಟೈಲ್ಸಿನವರ ಕಡೆ ಒಮ್ಮೆ ಕಣ್ಣು ಹಾಯಿಸಿ, ಇನ್ನೊಂದು ಕೈಯಲ್ಲೇ ಮೆಲ್ಲನೆ ನೂಕಿದರು. ಗಜ ಕೊನೆಯವರೆಗೆ ಹೋಯಿತು.

ಐದರಲ್ಲಿ ಎರಡು ಗೆರಟೆ ಒಡೆದವು. ಬಹುಮಾನ ಯಾರಿಗೆ ಬಂತೆಂದು ನನಗೆ ಈಗ ನೆನಪಿಲ್ಲ. ನಾನು ಕಣ್ಣೊರೆಸಿಕೊಂಡು, ಹೊಗೆ ಎಂದೆ.

ಮನೆಗೆ ಬಂದು ಕೋವಿ ತೊಳೆದು, ಒಣಗಿಸಿ, ಮುಲಾಮು ಸವರಿದ ಮೇಲೆ ಮಾಮ ಕೇಳಿದರು, "ಆ ಟೈಲ್ಸಿನವರ ನಂಬರ್ ಉಂಟಾ ನಿನ್ನ ಹತ್ತಿರ?"

ಎರಡು ಮಾತು ಚುಚ್ಚಲಿಕ್ಕೆ ಇರಬೇಕೆಂದುಕೊಂಡೆ. "ಉಂಟು. ಎಂತಕ್ಕೆ?"

"ಕೋವಿ ಅವರಿಗೆ ಕೊಡುವಾ ಅಂತ. ಲೈಸೆನ್ಸ್ ಉಂಟು ಅವರಿಗೆ. ಕೋವಿ ಮೇಲೆ ಪ್ರೀತಿಯೂ ಉಂಟು."

ನಾನು ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ. ವರ್ಷವಿಡೀ ನಾನು ಹಾಸಿಗೆ ಅಂಗಡಿ ಅಲೆದದ್ದು, ಬಾನೆಟ್ಟಿನ ಮೇಲೆ ಬೇಯಿಸಿದ್ದು, ಉಪ್ಪು ನೆಕ್ಕಿದ್ದು, ಅತ್ತದ್ದು, ಎಲ್ಲವೂ ಈ ಕೋವಿ ಮನೆ ಬಿಟ್ಟು ಹೋಗಬಾರದೆಂದು. "ಐದು ತುಂಬಿಸಲಿಕ್ಕೆ ಆಗದಿದ್ದರೆ ಕೊಡ್ತೇನೆ ಅಂತ ಹೇಳಿದ್ದು ನೀವು. ಆಯಿತಲ್ಲ ಐದೂ? ಈಗ ಯಾಕೆ?"

"ಆಯಿತಲ್ಲ, ಅದಕ್ಕೇ" ಎಂದರು ಮಾಮ. "ಹೋದ ವರ್ಷ ಕೊಟ್ಟಿದ್ದರೆ ಅದು ನನ್ನಿಂದ ಕಿತ್ತುಕೊಂಡ ಹಾಗೆ, ಮಗಾ. ಈಗ ನಾನು ಕೊಟ್ಟ ಹಾಗೆ."

ಅವರೇ ಮುಂದುವರಿಸಿ, "ನಿನಗೆ ಬೇಕಾದರೆ ನಿನ್ನ ಹೆಸರಿಗೆ ಮಾಡುವಾ. ಮಾವನದ್ದು ಸೊಸೆಗೆ ಬರಬೇಕಾದದ್ದೇ" ಎಂದರು. ದೀಪಾವಳಿಯ ಪಟಾಕಿಗೆ ಕಿವಿ ಮುಚ್ಚಿಕೊಂಡು ಒಳಗೆ ಓಡುವವಳು ನಾನು. ನನಗೆ ಕೋವಿ ಎಂದೂ ಬೇಕಾಗಿರಲಿಲ್ಲ, ಭಾನುವಾರ ಬಾಗಿಲು ತಟ್ಟುವ ಮಾಮ ಬೇಕಾಗಿತ್ತು. ಅದನ್ನು ಹಾಗೆಯೇ ಅವರಿಗೆ ಹೇಳಿದೆ. "ತಟ್ಟುತ್ತೇನೆ, ಎಲ್ಲಿಗೆ ಹೋಗ್ತೇನೆ ನಾನು?" ಎಂದರು.

ಕಾಗದಪತ್ರ ಮುಗಿಯಲು ತಿಂಗಳುಗಳೇ ಹಿಡಿದವು. ಈಗ ಕೋವಿ ಟೈಲ್ಸಿನವರ ಮನೆಯಲ್ಲಿದೆ. ಭಾನುವಾರ ಬೆಳಿಗ್ಗೆ ಅವರೇ ಕಾರು ತಂದು ಮಾಮನನ್ನು ಕರೆದುಕೊಂಡು ಹೋಗುತ್ತಾರೆ. ಮಾಮ ಕೋರೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಮದ್ದು ಜಾಸ್ತಿ, ಬಟ್ಟೆ ಓರೆ, ಕೈ ತೆಗೀರಿ ಎಂದು ಅಪ್ಪಣೆ ಕೊಡುತ್ತಾರೆ. ನಾನು ಹೆದರಿದ ಹಾಗೆ ಏನೂ ಆಗಲಿಲ್ಲ. ಐದೂವರೆಗೆ ಬಾಗಿಲು ತಟ್ಟುವುದು ಮಾತ್ರ ತಪ್ಪಿಲ್ಲ, ಹೋಗುವುದು ಅವರಾದರೂ ಏಳುವುದು ನಾನೂ ಆಗಬೇಕು. ಚಾ ಮಾಡುವವರು ಯಾರು?

ಮುಲಾಮು ಹೇಗೆ ಮಾಡುವುದೆಂದು ಟೈಲ್ಸಿನವರು ಕೇಳಿದ್ದರು. "ಕೋವಿ ಕೊಟ್ಟಿದ್ದೇನೆ, ಅದನ್ನು ಮಾತ್ರ ಕೇಳಬೇಡಿ" ಎಂದರು ಮಾಮ. ತಿಂಗಳಿಗೆ ಒಂದು ಡಬ್ಬಿ ಅವರಿಗೆ ಹೋಗುತ್ತದೆ. ಇನ್ನೊಂದು ಮನೆಯಲ್ಲಿ ಇರುತ್ತದೆ. ಸಂಜೆ ಆಸ್ಪತ್ರೆಯಿಂದ ಬಂದು ಕೈಕಾಲು ತೊಳೆದ ಮೇಲೆ, ಆರಾಮ ಕುರ್ಚಿಯ ಎದುರು ಮಣೆ ಹಾಕಿ ಕುಳಿತು, ಮಾಮನ ಒಡೆದ ಹಿಮ್ಮಡಿಗಳಿಗೆ ನಾನು ಅದನ್ನು ಹಚ್ಚುತ್ತೇನೆ. ನಲವತ್ತು ವರ್ಷ ಹೋಟೆಲಿನ ಒದ್ದೆ ನೆಲದ ಮೇಲೆ ನಿಂತ ಹಿಮ್ಮಡಿಗಳು.

"ಉಪ್ಪು ತೆಗೆದದ್ದಾ?" ಎಂದು ಪ್ರತಿದಿನ ಕೇಳುತ್ತಾರೆ.

"ತೆಗೆದದ್ದು" ಎನ್ನುತ್ತೇನೆ.

ಹಿಮ್ಮಡಿಗೆ ಉಪ್ಪು ಇದ್ದರೂ ನಡೆಯುತ್ತದೆ, ಆಂಟಿ ಹೇಳಿದ್ದು ಸರಿಯೇ. ಆದರೂ ನಾನು ಮೂರು ನೀರಿನಲ್ಲಿ ತೊಳೆಯುತ್ತೇನೆ.